ಹದಿನೇಳನೇ ಪ್ಲಾಟಿನ ಕಂಟಿ

ಆ ವರ್ಷ ಲಕಮನಹಳ್ಳಿಯ ಬಿಸಿಲು ಎಂಥಾದ್ದಿತ್ತಂದರೆ, ಕಾಗೆಗಳು ರಸ್ತೆ ಮೇಲೆ ನಡಕೊಂಡು ಹೋಗುತ್ತಿದ್ದವು. ಹಾರಿದರೆ ಸೂರ್ಯನಿಗೆ ಎರಡು ಮಾರು ಹತ್ತಿರಾಗುತ್ತೇವೆಂಬ ಭಯ. ಮಾರ್ಚ್ ಎರಡನೇ ವಾರಕ್ಕೇ ಕಾಲೊನಿಯ ಹಿಂದಿನ ಮಡ್ಡಿಗುಡ್ಡದ ಹುಲ್ಲು ಹಪ್ಪಳದಂತೆ ಒಣಗಿ, ಯಾರಾದರೂ ಜೋರಾಗಿ ಕೆಮ್ಮಿದರೂ ಹೊತ್ತಿಕೊಳ್ಳುವಂತಿತ್ತು. ಅಂಥಾ ಹೊತ್ತಿನಲ್ಲಿ ಹುಲಗಪ್ಪನ ಹಿತ್ತಲ ಗೋಡೆಗೆ ಆನಿಕೊಂಡು ಒಂದು ಮುಳ್ಳುಕಂಟಿಯ ಗುಡ್ಡೆ ನಿಂತಿತ್ತು. ವಿಜಾಪುರದ ಗೋಳಗುಮ್ಮಟ ನೋಡಿಬಂದವರು ಇದನ್ನೊಮ್ಮೆ ನೋಡಿ, ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಹಳಹಳಿಸುತ್ತಿದ್ದರು.

ಗುಡ್ಡೆ ಹಾಕಿಸಿದವನು ಸ್ವತಃ ಹುಲಗಪ್ಪನೇ. ನಾಲ್ಕು ಆಳು ಹಚ್ಚಿ, ಆರು ದಿನ ಮುಂದೆ ನಿಂತು, ಮನೆಗಳ ಹಿಂದೆ ನೂರು ಫೂಟು ಅಗಲಕ್ಕೆ ಬಳ್ಳಾರಿ ಜಾಲಿ, ಹುಲ್ಲು, ಬಳ್ಳಿ ಎಲ್ಲ ಬುಡಸಮೇತ ಕೀಳಿಸಿದ್ದ. ಆ ನೆಲ ಈಗ ಎಷ್ಟು ಬೋಳಾಗಿತ್ತೆಂದರೆ, ಇರುವೆ ಹಾದರೆ ಅದರ ನೆರಳೂ ಕಾಣುತ್ತಿತ್ತು. ಮಡ್ಡಿಗೆ ಬೆಂಕಿ ಬಿದ್ದರೆ ಅಲ್ಲಿಗೇ ನಿಲ್ಲಬೇಕು. ಯೋಜನೆ ಬಂಗಾರದಂಥಾದ್ದು. ಕಿತ್ತ ಕಂಟಿಯನ್ನು ಏನು ಮಾಡುವುದು ಎಂಬುದೊಂದನ್ನು ಬಿಟ್ಟು ಉಳಿದೆಲ್ಲ ವಿಚಾರ ಮಾಡಿದ್ದ.

ಸುಡಬಹುದಿತ್ತಲ್ಲ ಅಂದರೆ, ಇಲ್ಲ. ಹೋದ ಬೇಸಿಗೆಯಲ್ಲಿ ಅದನ್ನೇ ಮಾಡಿದ್ದ. ಒಂದು ತೆಕ್ಕೆ ಕಂಟಿಗೆ ಒಂದು ಕಡ್ಡಿ ಗೀರಿದ, ಗಾಳಿ ತಿರುಗಿತು, ಪಕ್ಕದ ಕಮರುದ್ದೀನನ ಶೆಡ್ಡು ಅರ್ಧ ಸುಟ್ಟಿತು. ಕಮರುದ್ದೀನ ಗಾದಿ ತುಂಬುವವನು. ಅವನ ಗಾದಿಯ ಮೇಲೆ ಮಲಗಿದವರನ್ನು ಎಬ್ಬಿಸಲು ಮನೆಯವರು ಬ್ಯಾಂಡ್ ಕರೆಸಬೇಕಾಗುತ್ತಿತ್ತು. ಆ ಶೆಡ್ಡಿನ ಹತ್ತಿ ಉರಿದ ಬೆಳಕಿಗೆ ಹುಬ್ಬಳ್ಳಿಯಲ್ಲಿ ಕೋಳಿ ಕೂಗಿದವಂತೆ. ಅಷ್ಟಾದರೂ ಕಮರುದ್ದೀನ ಠಾಣೆಗೆ ಹೋಗಲಿಲ್ಲ, ದನಿ ಏರಿಸಲಿಲ್ಲ. "ಗಾಳಿ ನಿಮ್ಮ ಮಾತು ಕೇಳಲಿಲ್ಲ ಸಾಹೇಬ್ರ, ನೀವರ ಏನ್ ಮಾಡ್ತೀರಿ?" ಅಂದ, ಅಷ್ಟೇ. ಆ ಮಾತಿನ ಬೊಕ್ಕೆ ಹುಲಗಪ್ಪನ ಎದೆಯಲ್ಲಿ ಇನ್ನೂ ಒಡೆದಿರಲಿಲ್ಲ. "ಇನ್ನ ಮ್ಯಾಲೆ ಮಡ್ಡಿ ಬೆಂಕಿ ನಿಮ್ಮ ಹತ್ತಿ ತನಕ ಬರಂಗಿಲ್ಲ ಭಾಯಿ, ಇದು ನನ್ನ ಮಾತು," ಎಂದು ಅವತ್ತೇ ಕೈ ಮೇಲೆ ಕೈ ಇಟ್ಟು ಹೇಳಿದ್ದ.

ಈ ವರ್ಷ ಆ ಶೆಡ್ಡು ಮಾಳಿಗೆಮಟ ತುಂಬಿತ್ತು. ಹನ್ನೊಂದು ಮದುವೆಗಳ ಗಾದಿ, ತಲೆದಿಂಬು ಅದರೊಳಗಿದ್ದವು. ಹನ್ನೊಂದು ಮದುಮಕ್ಕಳ ನಿದ್ದೆ ತನ್ನ ಕಂಟಿಯ ಮಗ್ಗುಲಲ್ಲಿ ಬಿದ್ದಿದೆ ಎಂದು ನೆನೆದು ಹುಲಗಪ್ಪನ ನಿದ್ದೆ ಹಾರಿಹೋಗಿತ್ತು.

ಮೊದಲು ಕಸದ ಗಾಡಿಯವನನ್ನು ನಿಲ್ಲಿಸಿದ. ದಿನಾ ಬೆಳಿಗ್ಗೆ ಹಾಡು ಹಚ್ಚಿಕೊಂಡು ಬರುವ ಡ್ರೈವರ್ ಗುಡ್ಡೆ ನೋಡಿದವನೇ ಹಾಡು ಬಂದ್ ಮಾಡಿದ.

"ಇದು ಹಸಿ ಕಸದಾಗೂ ಬರಂಗಿಲ್ಲ, ಒಣ ಕಸದಾಗೂ ಬರಂಗಿಲ್ಲರಿ ಯಜಮಾನ್ರ. ಇದು ಕಸಾನ ಅಲ್ಲ."

"ಮತ್ತ ಏನಿದು?"

"ಗಿಡ. ಗಿಡ ಅಂದ್ರ ಅರಣ್ಯದವ್ರು ನೋಡ್ಬೇಕು."

ಅರಣ್ಯದವರು ಚಹಾ ಕುಡಿಸಿ, ಫ್ಯಾನಿನ ಕೆಳಗೆ ಕೂಡ್ರಿಸಿ, ಬಹಳ ಮರ್ಯಾದೆಯಿಂದ ಹೇಳಿದರು: ಕಂಟಿ ಬೇರಿನ ಮೇಲೆ ನಿಂತಿದ್ದರೆ ಗಿಡ, ಕಡಿದು ಮನೆಯ ಹಿಂದೆ ಒಟ್ಟಿದರೆ ಕಸ. ಅಗ್ನಿಶಾಮಕದವರಿಗೆ ಫೋನ್ ಮಾಡಿದರೆ ಆ ಕಡೆಯ ದನಿ ಒಮ್ಮೆಲೇ ಹುರುಪಾಯಿತು.

"ಹತ್ತೇತೇನ್ರಿ?"

"ಇಲ್ರಿ. ಹತ್ತಬಾರದಂತ ಫೋನ್ ಮಾಡೇನಿ."

"ಹತ್ತಿದ ಮ್ಯಾಲೆ ಮಾಡ್ರಿ. ಲಗೂನ ಬರ್ತೇವಿ," ಅಂದು ದನಿ ಮತ್ತೆ ಮಲಗಿಕೊಂಡಿತು.

ಹುಲಗಪ್ಪ ಸುಮ್ಮನೆ ಕೂಡ್ರುವ ಮನುಷ್ಯನಲ್ಲ. ಮೂವತ್ತನಾಲ್ಕು ವರ್ಷ ತಹಶೀಲ್ದಾರ ಕಚೇರಿಯ ಟಪಾಲು ಟೇಬಲ್ಲಿನಲ್ಲಿ ಕೂತು ನಿವೃತ್ತನಾದವನು. ಬಂದ ಟಪಾಲಿಗೆ ಹಾಕುವ ಆವಕ ನಂಬರು ಬೀಳದ ಕಾಗದ ಇನ್ನೂ ಹುಟ್ಟೇ ಇಲ್ಲ ಎಂದು ತಿಳಿದವನು. ತನ್ನ ಲಗ್ನಪತ್ರಿಕೆಗೂ ಆವಕ ನಂಬರು ಹಾಕಿ ಫೈಲಿನಲ್ಲಿಟ್ಟಿದ್ದ. ಏಳು ಅರ್ಜಿ ಬರೆದ. ಒಂದೊಂದೂ ಹೇಗಿತ್ತೆಂದರೆ, ಓದಿದ ಗುಮಾಸ್ತ ಕಣ್ಣೀರು ಒರೆಸಿಕೊಂಡು ತಾನೇ ಬಂದು ಕಂಟಿ ಹೊರಬೇಕು. ಬಂದದ್ದು ಏಳು ಸ್ವೀಕೃತಿ ಚೀಟಿ.

"ಕಂಟಿಗಿಂತ ನಿಮ್ಮ ಕಾಗದದ ಗುಡ್ಡಿನ ದೊಡ್ಡದಾತು," ಅಂದಳು ಹೆಂಡತಿ ಪ್ರಭಾವತಿ. ಸಾಲಿ ಮಾಸ್ತರಿಣಿಯಾಗಿ ನಿವೃತ್ತಳಾದವಳು, ಅವಳ ದನಿಗೆ ಇನ್ನೂ ನಾಲ್ಕು ಖೋಲಿ ದಾಟುವ ಕಸುವಿತ್ತು. "ಈಗ ಎರಡ ಕಡೆ ಬೆಂಕಿ ಕಾಯಬೇಕು."

"ನಿನಗ ಆಫೀಸಿನ ಪದ್ಧತಿ ತಿಳಿಯಂಗಿಲ್ಲ, ಸುಮ್ಮನಿರು."

"ನನಗ ತಿಳಿಯಂಗಿಲ್ಲ ಖರೇ. ಅವರಿಗೂ ತಿಳಿಯಂಗಿಲ್ಲ. ನಿಮಗೊಬ್ಬರಿಗೇ ತಿಳಿಯೂದು ಅಂತ ಕಾಣ್ತೈತಿ."

ಹೀಗೆ ರೋಸಿಹೋಗಿ ಹುಲಗಪ್ಪ ಒಂದು ತಾತ್ಕಾಲಿಕ ವ್ಯವಸ್ಥೆ ಮಾಡಿದ. ಕಮರುದ್ದೀನನ ಶೆಡ್ಡಿನ ಆಚೆಗೆ ಒಂದು ಓಣಿ, ಓಣಿಯ ಆಚೆಗೆ ಹದಿನೇಳನೇ ನಂಬರಿನ ಖಾಲಿ ಪ್ಲಾಟು. ಕಂಟಿಯನ್ನೆಲ್ಲ ಅದರ ಆಚೆಯ ತುದಿಗೆ ಸಾಗಿಸಿದರೆ ಹತ್ತಿಗೂ ಕಂಟಿಗೂ ಅರವತ್ತು ಫೂಟು ಅಂತರ ಬೀಳುತ್ತದೆ. ಆಳುಗಳನ್ನು ಕರೆಸಿ ಸಾಗಿಸಿಯೂ ಬಿಟ್ಟ. ಸುಮ್ಮನೆ ಒಗೆಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹುಲಗಪ್ಪ ಅಚ್ಚುಕಟ್ಟಿನ ಮನುಷ್ಯ. ಪ್ಲಾಟಿನ ಗಡಿಗುಂಟ ಸಾಲು ಹಿಡಿದು, ಎತ್ತರ ಸಮ ಮಾಡಿ, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿಸಿದ.

ಆ ಸೀಮೆಯಲ್ಲಿ ಖಾಲಿ ಜಾಗದ ಗಡಿಗೆ ಕಂಟಿ ಹಚ್ಚಿ ಮೇಲೆ ಕಲ್ಲು ಹೇರಿದರೆ ಅದರ ಅರ್ಥ ಎಳೆಗೂಸಿಗೂ ಗೊತ್ತು: ಈ ಜಾಗ ಇಂದಿನಿಂದ ನನ್ನದು. ಅಂಥಾ ತಕರಾರಿನ ಕಾಗದಗಳಿಗೆ ಹುಲಗಪ್ಪ ತನ್ನ ಕೈಯಾರೆ ಎರಡು ಸಾವಿರ ಆವಕ ನಂಬರು ಹಾಕಿದ್ದ. ಹಾಕಿದವನಿಗೇ ಅವತ್ತು ಅದು ಹೊಳೆಯಲಿಲ್ಲ. ತಲೆಯಲ್ಲಿ ಬರೀ ಹತ್ತಿಯಿತ್ತು.

ಮೂರನೇ ದಿನ ಪ್ಲಾಟಿನ ಮಾಲೀಕ ಬಂದ. ಮಾಳಮಡ್ಡಿಯ ಶಿವಯೋಗೀಶ, ಕೋಚಿಂಗ್ ಸೆಂಟರಿನಲ್ಲಿ ಕಾಯದೆ, ಸಂವಿಧಾನ ಕಲಿಸುವವನು. ಅವನ ಹತ್ತಿರ ಕಲಿತ ಅರ್ಧ ಮಂದಿ ರಾಜ್ಯ ಆಳುತ್ತಿದ್ದರು, ಇನ್ನರ್ಧ ಮಂದಿ ಮುಂದಿನ ಪರೀಕ್ಷೆಗೆ ಓದುತ್ತಿದ್ದರು.

"ಇದರಾಗ ಮೂರು ಪಾಯಿಂಟ್ ಅದಾವ್ರಿ," ಅಂದ, ಸ್ಕೂಟರಿನಿಂದ ಇಳಿಯುವ ಮೊದಲೇ. "ಒಂದನೇದು, ಪ್ಲಾಟು ನಂದು. ಎರಡನೇದು, ಕಂಟಿ ನಿಮ್ಮದು. ಮೂರನೇದು ನೀವ ಹೇಳ್ರಿ."

"ಮೂರನೇದು ಏನೂ ಇಲ್ರೀ ಸರ. ನಾಕ ದಿನದ ಮಾತು."

"ಎಲ್ಲಾ ಅತಿಕ್ರಮಣಾನೂ ನಾಕ ದಿನದ ಮಾತಿಂದನ ಸುರು ಆಗ್ತಾವು. ಕಲ್ಲ ಯಾಕ ಹೇರೀರಿ?"

"ಗಾಳಿಗೆ ಹಾರಬಾರದಂತ."

"ಸಾಲ ಯಾಕ ಹಿಡಿಸೀರಿ?"

"ನೀಟಾಗಿ ಇರ್ಲಿ ಅಂತ್ರಿ."

"ಕಬಜಾ ಮಾಡೋರು ಎಲ್ಲಾರೂ ನೀಟಾಗೇ ಮಾಡ್ತಾರ್ರಿ. ನೀವು ಹೇಳೂದು ಖರೇ ಇದ್ರ ಬರದು ಕೊಡ್ರಿ."

ಬರೆದು ಕೊಡ್ರಿ! ಹಸಿದವನಿಗೆ ಊಟಕ್ಕೆ ಏಳಿ ಅಂದಂತಾಯಿತು. ಹುಲಗಪ್ಪ ಒಳಗೆ ಹೋಗಿ, ಚಷ್ಮಾ ಒರೆಸಿ, ಒಂದೂವರೆ ಪುಟ ಬರೆದ. ತಾನು ಎಂಥಾ ಒಳ್ಳೆಯ ನೆರೆಯವನು ಎಂಬುದು ಕಲ್ಲಿಗೂ ತಿಳಿಯಲಿ ಎಂದು ಒಂದು ವಾಕ್ಯ ವಿಶೇಷವಾಗಿ ಸೇರಿಸಿದ: 'ಸದರಿ ಪ್ಲಾಟಿನ ಹುಲ್ಲು ಕಂಟಿಗಳನ್ನು ಕಳೆದ ಹನ್ನೊಂದು ವರ್ಷಗಳಿಂದ ನಾನೇ ಸ್ವಂತ ಖರ್ಚಿನಿಂದ ತೆಗೆಸಿ, ಯಾರ ಆಕ್ಷೇಪಣೆಯೂ ಇಲ್ಲದೆ ನೋಡಿಕೊಂಡು ಬಂದಿರುತ್ತೇನೆ.'

ಓದುತ್ತ ಓದುತ್ತ ಶಿವಯೋಗೀಶನ ಮೋರೆ ಬಿಳಿಚಿಕೊಂಡಿತು. ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ.

"ಹನ್ನೊಂದು ವರ್ಷ! ಇನ್ನೊಂದು ವರ್ಷ ಬಿಟ್ಟಿದ್ರ ಹನ್ನೆರಡು ತುಂಬ್ತಿತ್ತಲ್ರಿ! ಹನ್ನೆರಡು ವರ್ಷ ತಕರಾರಿಲ್ದ ಅನುಭೋಗಿಸಿದ್ರ ಜಾಗಾ ಅವರದ ಆಗ್ತೈತಿ ಅಂತ ನಾನ ದಿನಾ ಪಾಠ ಮಾಡ್ತೇನಿ. ನನ್ನ ಪಾಠಾ ತಂದು ನನ್ನ ಪ್ಲಾಟಿಗೇ ಹಚ್ಚೀರಲ್ರಿ!"

"ಅಯ್ಯ ಸರ, ನಾ ಹುಲ್ಲ ಕೊಯ್ಸೇನಿ, ಅನುಭೋಗಿಸಿಲ್ಲ..."

"ಸಹಿ ನಿಮ್ಮದ ಹೌದಲ್ರಿ? ತಾರೀಖೂ ಹಾಕೀರಿ. ಥ್ಯಾಂಕ್ಸ್," ಎಂದು ಕಾಗದ ಕಿಸೆಗಿಟ್ಟು ಸೀದಾ ಠಾಣೆಗೆ ನಡೆದ.

ಸಂಜೆಯ ಒಳಗೆ ಹವಾಲ್ದಾರ ಇಸ್ತಿಯಾಕ ಬಂದ. ಒಳ್ಳೆಯ ಮನುಷ್ಯ. ಎರಡೂ ಕಡೆಯವರಿಗೆ ಸಮಾಧಾನವಾಗಲಿ ಎಂದು, ಜಗತ್ತಿನಲ್ಲಿ ಯಾರಿಗೂ ಸಮಾಧಾನವಾಗದಂಥಾದ್ದನ್ನು ಮಾಡಿದ. ಕಂಟಿ ಪ್ಲಾಟಿನ ಗಡಿಯಲ್ಲಿರಬಾರದು, ಹುಲಗಪ್ಪನ ಜಾಗಕ್ಕೂ ಮರಳಬಾರದು. ಹಾಗಾದರೆ ಯಾರದೂ ಅಲ್ಲದ ಜಾಗ ಯಾವುದು? ಓಣಿ. ಪ್ಲಾಟಿಗೂ ಕಮರುದ್ದೀನನ ಶೆಡ್ಡಿಗೂ ನಡುವಿನ ಹತ್ತು ಫೂಟಿನ ಓಣಿ. ಅಲ್ಲಿಗೆ ಎಳೆಸಿ, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು, ಪಂಚನಾಮೆ ಬರೆದು, ನೀಲಿ ಪ್ಲಾಸ್ಟಿಕ್ ಹಗ್ಗ ಸುತ್ತಿ, ಒಂದು ಚೀಟಿ ಕಟ್ಟಿದ.

"ಇದು ಈಗ ಮುದ್ದೆಮಾಲು. ಕೇಸಿನ ಸಾಕ್ಷಿ. ವಿಚಾರಣಾ ಮುಗಿಯೂತನಕ ಒಂದು ಮುಳ್ಳು ಹಂದಾಡಬಾರದ್ರಿ ಕಾಕಾ."

"ಅದರ ಮಗ್ಗಲಕ್ಕ ಹತ್ತಿ ಐತೋ ಮಾರಾಯಾ!"

"ಅದನ್ನೂ ಪಂಚನಾಮೆದಾಗ ಬರದೇನಿ. ಪೂರ್ವಕ್ಕ ಹತ್ತಿ ಶೆಡ್ಡು ಅಂತ. ಎಲ್ಲಾ ಕರೆಕ್ಟ್ ಐತಿ."

ಹುಲಗಪ್ಪ ಅಳೆದ. ಕಂಟಿಗೂ ಶೆಡ್ಡಿನ ತಗಡಿಗೂ ನಡುವೆ ನಾಲ್ಕು ಗೇಣು. ಹತ್ತಿಯಿಂದ ಕಂಟಿಯನ್ನು ದೂರ ಒಯ್ಯಲು ಹೊರಟವನು ಕಾಯದೆಬದ್ಧವಾಗಿ, ಸಹಿ ಸಿಕ್ಕಾದೊಂದಿಗೆ, ಹತ್ತಿಯ ಮೂಗಿನಡಿಗೇ ತಂದಿಟ್ಟಿದ್ದ. ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದ. ಇದ್ದದ್ದೊಂದು ತಗಡು, ಕೈ ಇಟ್ಟರೆ ಚುರ್ರೆನ್ನುತ್ತಿತ್ತು.

ಅಂದಿನಿಂದ ಹುಲಗಪ್ಪ ಓಣಿಯ ಬಾಯಿಗೆ ಖುರ್ಚಿ ಹಾಕಿಕೊಂಡು ಕೂತ. ನಲವತ್ತು ಕೊಡ ನೀರು ಸಾಲಾಗಿ ತುಂಬಿಸಿಟ್ಟ. ಬೀಡಿ ಸೇದುತ್ತ ಹಾದವರನ್ನು ಬೈದ, ಬೀಡಿ ಇಲ್ಲದೆ ಹಾದವರನ್ನು ಸೇದುವ ಮೋರೆ ಐತಿ ಅಂತ ಬೈದ. ಒಂದು ಸಲ ಅಗರಬತ್ತಿ ಮಾರುವವನನ್ನು ಬಸ್ ಸ್ಟಾಪಿನ ತನಕ ಅಟ್ಟಿಸಿಕೊಂಡು ಹೋದ. ಬಿಸಿಲಿಗೆ ಮನುಷ್ಯ ಎಷ್ಟು ಕಪ್ಪಾದನೆಂದರೆ, ಸಂಜೆ ಮನೆಗೆ ಬಂದರೆ ಪ್ರಭಾವತಿ "ಯಾರ್ ಬೇಕಾಗಿತ್ರಿ?" ಅನ್ನುತ್ತಿದ್ದಳು.

ದಿನಾ ಮಧ್ಯಾಹ್ನ ಕಮರುದ್ದೀನ ಚಹಾ ತಂದುಕೊಡುತ್ತಿದ್ದ. ಕಂಟಿಯ ಮಾತೇ ಎತ್ತುತ್ತಿರಲಿಲ್ಲ. ಅದೇ ಹುಲಗಪ್ಪನಿಗೆ ತಾಳದಾಗುತ್ತಿತ್ತು.

"ಒಂದ್ಸಲ ಬಾಯಿ ತುಂಬ ಬೈರಿ ಭಾಯಿ. ನನ್ನ ಸಲುವಾಗಿ."

"ಬೈದ್ರ ಕಂಟಿ ಹೋಗ್ತೈತೇನ್ರಿ ಸಾಹೇಬ್ರ? ಹೋಗೂದಿದ್ರ ಹೇಳ್ರಿ, ನಮ್ಮ ಮನಿಯಾಕಿ ಅಖ್ತರಬೇಗಂನ ಕಳಸ್ತೇನಿ. ಬೈಯೂದ್ರಾಗ ಆಕಿ ನನಗಿಂತ ಹುಷಾರ ಅದಾಳ."

"ಹತ್ತೀನರ ಬ್ಯಾರೆ ಕಡೆ ಒಯ್ರಿ."

"ಹನ್ನೊಂದು ಜೋಡಿ ಗಾದಿ ಎಲ್ಲಿಗೆ ಒಯ್ಲಿ? ಮಲಗೂ ಖೋಲಿ ತುಂಬಿ, ಈಗ ನಾವ ಕಟ್ಟಿ ಮ್ಯಾಲೆ ಮಲಗತೇವಿ. ಗಾದಿ ಮಾಡೂ ಮಂದಿ, ಕಲ್ಲಿನ ಮ್ಯಾಲೆ!" ಎಂದು ನಕ್ಕ.

ನಕ್ಕನಲ್ಲ! ಅದು ಇನ್ನೂ ಕೆಟ್ಟದ್ದು. ಹುಲಗಪ್ಪ ಆ ಚಹಾವನ್ನು ಔಷಧದ ಹಾಗೆ ಕುಡಿದ.

ಏಪ್ರಿಲ್ ಮೊದಲ ವಾರ, ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಮಡ್ಡಿಯ ನೆತ್ತಿಯಲ್ಲಿ ಒಂದು ಎಳೆ ಹೊಗೆ ಕಾಣಿಸಿತು. ಹುಲಗಪ್ಪ ಖುರ್ಚಿಯಿಂದ ಎದ್ದು ನಿಲ್ಲುವಷ್ಟರಲ್ಲಿ ಅದು ಗೋಡೆಯಾಯಿತು. ಬೆಂಕಿ ಇಳಿಯುತ್ತಿದ್ದ ರಭಸಕ್ಕೆ ಮೊಲಗಳು ಹಿಂದೆ ಬೀಳುತ್ತಿದ್ದವು. ಗಾಳಿ ಕಾಲೊನಿಯ ಕಡೆಗೇ ಇತ್ತು, ಸುಟ್ಟ ಹುಲ್ಲಿನ ಎಸಳು ಆಗಲೇ ತಲೆಯ ಮೇಲೆ ಹಾರುತ್ತಿದ್ದವು.

ಅಗ್ನಿಶಾಮಕಕ್ಕೆ ಫೋನ್ ಹಚ್ಚಿದ.

"ಹತ್ತೇತೇನ್ರಿ?"

"ಹತ್ತೇತ್ರಿ! ಈಗ ಬರ್ರಿ!"

"ಹೊಂಟೇವಿ."

ಆಮೇಲೆ ಹವಾಲ್ದಾರನಿಗೆ ಹಚ್ಚಿದ. "ಇಸ್ತಿಯಾಕ, ಪರವಾನಗಿ ಕೊಡು, ಹಗ್ಗಾ ಬಿಚ್ಚತೇನಿ."

"ನಾ ಕೊಡಾಕ ಬರಂಗಿಲ್ರಿ ಕಾಕಾ. ಮ್ಯಾಲಿನವ್ರಿಗೆ ಒಂದು ಅರ್ಜಿ ಬರೀರಿ, ನಾ ಮುಂದ ಕಳಸ್ತೇನಿ."

ಅರ್ಜಿ ಎಂಬ ಶಬ್ದ ಕೇಳಿ ಹುಲಗಪ್ಪನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಓಕರಿಕೆ ಬಂತು. ಫೋನನ್ನು ಕೊಡದೊಳಗೆ ಒಗೆದ. ಒಳಗಿಂದ ಕೊಡಲಿ ತಂದು ನೀಲಿ ಹಗ್ಗದ ಮೇಲೆ ಎತ್ತಿದ. ಕೈ ಒಂದು ಗಳಿಗೆ ಮೇಲೆಯೇ ನಿಂತಿತು. ಮೂವತ್ತನಾಲ್ಕು ವರ್ಷ ಒಂದು ಗುಂಡುಸೂಜಿಯನ್ನೂ ಆದೇಶವಿಲ್ಲದೆ ಸರಿಸಿದ ಕೈಯಲ್ಲ ಅದು. ಅಷ್ಟರಲ್ಲಿ ಉರಿಯುವ ಎಸಳೊಂದು ಬಂದು ಶೆಡ್ಡಿನ ತಗಡಿನ ಮೇಲೆ ಕೂತಿತು. ಕೊಡಲಿ ಬಿತ್ತು.

ಎಳೆದು ಎಲ್ಲಿಗೆ ಒಯ್ಯುವುದು? ಹಿಂದಿನ ಬೋಳು ನೆಲಕ್ಕೆ ಒಯ್ದರೆ ಬೆಂಕಿಗೆ ಸೇತುವೆ ಕಟ್ಟಿಕೊಟ್ಟಂತೆ, ಉಳಿದದ್ದು ಮನೆ ಮುಂದಿನ ಡಾಂಬರು ರಸ್ತೆಯೊಂದೇ. ಕಮರುದ್ದೀನ ಗಾದಿ ಹೊಲಿಯುವ ಗಟ್ಟಿ ಹುರಿ ತಂದ, ಹುಲಗಪ್ಪ ಕೊಂಬೆಗಳಿಗೆ ಬಿಗಿದ, ಪ್ರಭಾವತಿ ಸೀರೆ ಸೆರಗು ಸಿಗಿಸಿಕೊಂಡು ಜಗ್ಗಿದಳು. ಮೂವರ ವಯಸ್ಸು ಕೂಡಿಸಿದರೆ ನೂರ ತೊಂಬತ್ತು. ಆದರೆ ಆ ಹೊತ್ತಿನಲ್ಲಿ ಎಳೆದ ಎಳೆತಕ್ಕೆ ರೈಲಿನ ಡಬ್ಬಿ ಕಟ್ಟಿದ್ದರೂ ಬರುತ್ತಿತ್ತು. ಜಾಲಿಯ ಮುಳ್ಳು ಚಪ್ಪಲಿ ದಾಟಿ, ಅಂಗೈ ದಾಟಿ, ಹುಲಗಪ್ಪನಿಗೆ ಅನಿಸಿದಂತೆ ಹೋದ ಜನ್ಮದ ತನಕ ಚುಚ್ಚಿದವು.

ಹೊಗೆ ಕಂಡು ತನ್ನ ಪ್ಲಾಟು ಏನಾಯಿತೋ ಎಂದು ಶಿವಯೋಗೀಶನೂ ಬಂದ. ರಸ್ತೆಯ ಮೇಲಿನ ಕಂಟಿಗೆ ಸ್ಕೂಟರ್ ನಿಂತಿತು. ಮೊಬೈಲ್ ಎತ್ತಿ ವಿಡಿಯೊ ಹಿಡಿಯತೊಡಗಿದ.

"ಸಾಕ್ಷಿ ನಾಶ! ಇದರಾಗ ಎರಡು ಪಾಯಿಂಟ್..."

"ಪಾಯಿಂಟ್ ಆಮ್ಯಾಲೆ! ಬಂದು ಜಗ್ಗೋ!" ಅಂದಳು ಪ್ರಭಾವತಿ. ಆ ದನಿಗೆ ಶಿವಯೋಗೀಶ ಮೂರನೇ ಇಯತ್ತೆಗೆ ಇಳಿದುಬಿಟ್ಟ. ಆಗಲೇ ಒಂದು ಕಿಡಿ ಅವನ ಇಸ್ತ್ರಿಯ ಅಂಗಿಯಲ್ಲಿ ರೂಪಾಯಿಯಗಲ ತೂತು ಮಾಡಿತ್ತು. ಮೊಬೈಲ್ ಕಿಸೆಗಿಟ್ಟು ಬಂದು ಒಂದು ಹುರಿ ಹಿಡಿದ.

ಕೊನೆಯ ಕೊಂಬೆ ಡಾಂಬರು ಮುಟ್ಟಿದಾಗ ಬೆಂಕಿ ಬೋಳು ನೆಲದ ಅಂಚಿಗೆ ಬಂತು. ನೂರು ಫೂಟು ಅಗಲದಲ್ಲಿ ತಿನ್ನಲು ಏನೂ ಸಿಗದೆ ಅತ್ತ ಇತ್ತ ನಾಲಿಗೆ ಚಾಚಿ ಹುಡುಕಿತು, ಗೊರಗೊರ ಅಂದಿತು, ಕುಗ್ಗಿತು. ಹಾರಿ ಬಂದ ಕಿಡಿಗಳು ಕಂಟಿಯಿದ್ದ ಓಣಿಯಲ್ಲೇ ಬಿದ್ದವು, ಸರಿಯಾಗಿ ಅಲ್ಲೇ. ಖಾಲಿ ಮಣ್ಣಿನ ಮೇಲೆ. ಪ್ರಭಾವತಿ ಹಸಿ ಗೋಣಿಚೀಲದಿಂದ ಒಂದೊಂದನ್ನೇ ಬಡಿದಳು, ಮನೆಪಾಠ ಬರೆಯದ ಹುಡುಗರಿಗೆ ಬಡಿದ ಹಾಗೆ.

ಹುಲಗಪ್ಪ ನೆಲಕ್ಕೆ ಕುಸಿದು, ಇನ್ನೇನು ನಿಟ್ಟುಸಿರು ಬಿಡಬೇಕು, ರಸ್ತೆಯ ಕಡೆಯಿಂದ ಭೋಂಯ್ ಎಂದು ಹಾರ್ನು. ಅಗ್ನಿಶಾಮಕ ಗಾಡಿ ಬಂದಿತ್ತು. ಕಂಟಿಯ ಆಚೆ ನಿಂತಿತ್ತು. ಒಳಗೆ ಬರಲು ದಾರಿಯಿರಲಿಲ್ಲ. ಅದರ ಹಿಂದೆ ಕಾರ್ಖಾನೆಗಳ ಪಾಳಿ ಬಿಟ್ಟ ಬಸ್ಸುಗಳು, ಟೆಂಪೊ, ಲಾರಿ. ಹಾರ್ನಿನ ಗದ್ದಲಕ್ಕೆ ಧಾರವಾಡದ ಅಷ್ಟೂ ನಾಯಿಗಳು ಊರು ಬಿಡುವ ವಿಚಾರ ಮಾಡಿದವು.

ಹತ್ತು ನಿಮಿಷಕ್ಕೆ ಯಾರೋ ಫೋನ್ ಮಾಡಿದರು. ಇಪ್ಪತ್ತೈದು ನಿಮಿಷಕ್ಕೆ ಜೆಸಿಬಿ ಬಂತು, ಹಿಂದೆ ಎರಡು ಟಿಪ್ಪರ್ ಬಂದವು. ಏಳು ಅರ್ಜಿಗೆ ಅಲುಗದ ಕಂಟಿ ಒಂದು ಬೊಗಸೆ, ಎರಡು ಬೊಗಸೆ, ಮುಗಿಯಿತು. ಹುಲಗಪ್ಪ ಕುಂಟುತ್ತ ಹೋಗಿ ಜೆಸಿಬಿಗೆ ಅಡ್ಡ ನಿಂತ. ಸಿಟ್ಟಿಗೆ ಮೀಸೆ ಕುಣಿಯುತ್ತಿತ್ತು.

"ನಿಲ್ಲೋ! ಮೊದಲು ಹೇಳು. ಇದು ಕಸಾನೋ, ಗಿಡಾನೋ?"

"ಯಾವುದೂ ಅಲ್ರಿ," ಅಂದ ಡ್ರೈವರ್. "ಇದು ಟ್ರಾಫಿಕ್ಕು. ಸರೀರಿ ಅತ್ಲಾಗ."

ಹುಲಗಪ್ಪ ಸರಿದ. ಒಂದು ತಿಂಗಳ ಬದುಕನ್ನು ಇಷ್ಟು ಅಗ್ಗವಾಗಿ ಯಾರೂ ಎತ್ತಿಕೊಂಡು ಹೋಗಿರಲಿಲ್ಲ. ಸುಮ್ಮನೆ ಅಂದೇ ರಸ್ತೆಗೆ ಒಗೆದಿದ್ದರೆ! ಅವನಿಗೆ ಅಳು ಬಂತು, ಅದೂ ಪೂರ್ತಿ ಬರಲಿಲ್ಲ. ಮಡ್ಡಿಯ ಹೊಗೆ ಮಧ್ಯೆ ಬಾಯಿ ಹಾಕಿ ಕೆಮ್ಮಿಸಿತು.

ಎಲ್ಲ ಮುಗಿದ ಮೇಲೆ ಇಸ್ತಿಯಾಕ ಬಂದ. ಖಾಲಿ ಓಣಿ ನೋಡಿದ, ತುಂಡಾದ ಹಗ್ಗ ನೋಡಿದ, ವಹಿ ತೆಗೆದ. ಕಮರುದ್ದೀನನ ಕಟ್ಟೆಯ ಮೇಲೆ ಹುಲಗಪ್ಪ ಅಂಗೈ ಚಾಚಿ ಕೂತಿದ್ದ. ಗಾದಿ ಹೊಲಿಯುವ ಗೇಣುದ್ದದ ಸೂಜಿಯಿಂದ ಕಮರುದ್ದೀನ ಅವನ ಕೈಯಲ್ಲಿನ ಮುಳ್ಳು ಕೀಳುತ್ತಿದ್ದ. ಹಿಂದೆ ಶೆಡ್ಡಿನ ಬಾಗಿಲು ತೆರೆದಿತ್ತು, ಗಾದಿಗಳು ಮಾಳಿಗೆಮಟ ಬೆಳ್ಳಗೆ ನಿಂತಿದ್ದವು.

"ಮುದ್ದೆಮಾಲು ಎಲ್ಲೈತ್ರಿ? ಹಗ್ಗ ಕಡದವ್ರು ಯಾರು?"

"ನಾ ಕಡದೇನಿ," ಅಂದ ಕಮರುದ್ದೀನ, ಸೂಜಿಯಿಂದ ಕಣ್ಣೆತ್ತದೆ.

"ಸುಳ್ಳ!" ಹುಲಗಪ್ಪ ಕೈ ಕಿತ್ತುಕೊಂಡು ಎದ್ದುನಿಂತ. "ನಾ ಕಡದೇನಿ. ಬರ್ಕೋ. ಹೆಸರು ಹುಲಗಪ್ಪ."

"ಅವರ ಮಾತು ಕೇಳಬ್ಯಾಡ್ರಿ. ಹಿರ್ಯಾರು, ಹೊಗಿ ಕುಡದಾರ. ಹತ್ತಿ ನಂದು, ಹುರಿ ನಂದು, ಕಡದಾಂವಾ ನಾನು."

"ಭಾಯಿ, ಹೋದ ವರ್ಷ ಬೆಂಕಿ ಹಚ್ಚಿದಾಂವಾ ನಾನು. ಎಲ್ಲಿಯೂ ಹೆಸರು ಬರಸಲಿಲ್ಲ ನೀವು. ಇಡೀ ವರ್ಷ ಚಹಾ ಕುಡಿಸಿ ಕುಡಿಸಿ ನನ್ನ ಸುಟ್ಟೀರಿ. ಇದೊಂದನ್ನರ ನನ್ನ ಹೆಸರಿಗೆ ಬಿಡ್ರಿ!"

ಕಮರುದ್ದೀನನಿಗೆ ಈಗ ಸಿಟ್ಟು ಬಂತು. ಆ ಓಣಿಯಲ್ಲಿ ಅವನ ಸಿಟ್ಟು ನೋಡಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. "ಏನ್ ಮನಶಾರ ಇದ್ದೀರಿ ನೀವು! ಎಪ್ಪತ್ತು ಮುಳ್ಳು ನಿಮ್ಮ ಕೈಯಾಗ ಅದಾವು, ಕೇಸೂ ನಿಮಗ ಬೇಕೇನು? ಎಲ್ಲಾ ನೀವ ಒಬ್ಬರ ಒಯ್ಯಾವ್ರು?"

ಬೈದನಲ್ಲ! ಹುಲಗಪ್ಪನಿಗೆ ಎದೆಯಲ್ಲಿ ಏನೋ ಒಡೆದು ಹಗುರಾಯಿತು. ಆದರೂ ಸೋಲಲು ಮನಸ್ಸಿಲ್ಲ.

ಇಸ್ತಿಯಾಕ ಶಿವಯೋಗೀಶನ ಕಡೆ ತಿರುಗಿದ. "ಸರ, ನೀವು ನೋಡೀರಿ. ಯಾರು?"

ಶಿವಯೋಗೀಶ ಅಂಗಿಯ ತೂತಿನ ಮೇಲೆ ಕೈ ಮುಚ್ಚಿಕೊಂಡ. ಆ ಕೈಯ ಹೆಬ್ಬೆರಳಲ್ಲೂ ಒಂದು ಮುಳ್ಳಿತ್ತು. "ಇದರಾಗ ಒಂದ ಪಾಯಿಂಟ್ ಐತ್ರಿ," ಅಂದ. "ನಾ ಇಲ್ಲಿ ಇರ್ಲಿಲ್ಲ."

"ಕಾಕಾ, ಆರೋಪಿ ಹೆಸರಿಗೆ ಫಾರ್ಮಿನ್ಯಾಗ ಒಂದ ಗೆರಿ ಐತಿ," ಎಂದು ಇಸ್ತಿಯಾಕ ವಹಿ ಮುಚ್ಚಿದ. "ನಾಳೆ ಹತ್ತಕ್ಕ ಬರ್ತೇನಿ. ಅಷ್ಟರಾಗ ನೀವ ನೀವ ಠರಾಯಿಸಿ ಇಡ್ರಿ."

ಅವನು ಹೋದ ಮೇಲೂ ಜಗಳ ನಿಲ್ಲಲಿಲ್ಲ. ಕಮರುದ್ದೀನ ಸೂಜಿ ಚುಚ್ಚುತ್ತ "ನಾನ" ಅನ್ನುತ್ತಿದ್ದ, ಹುಲಗಪ್ಪ ಅಯ್ಯೋ ಅನ್ನುವ ಬದಲು "ನಾನ" ಅನ್ನುತ್ತಿದ್ದ. ಪ್ರಭಾವತಿ ಚಹಾಕ್ಕೆ ಎಸರಿಟ್ಟಳು, ಒಲೆ ಹೊತ್ತಿಸುವ ಮೊದಲು ಕಿಟಕಿಯಿಂದ ಗಾಳಿ ಎತ್ತ ಕಡೆ ಇದೆ ಎಂದು ನೋಡಿದಳು.